ಲೆನ್ಸಿನ ಪುಸ್ತಕವೂ ರಂಗೇಗೌಡರ ನುಸಿಯೂ

ಲೆನ್ಸ್ ಡಿಸೈನ್ ಕಲಿಯಬೇಕು ಅಂತ ನಮ್ಮ ಮನೆಗೆ ಬರೋ ಹುಡುಗೀರಲ್ಲಿ ಎರಡು ತರ. ಒಂದು ತರದವರು ಚಪ್ಪಲಿ ಬಿಡೋ ಮೊದಲೇ "ಯಾವ ಸಾಫ್ಟ್‌ವೇರ್ ಅಜ್ಜಿ?" ಅಂತಾರೆ. ಇನ್ನೊಂದು ತರದವರು ಕೂತು, ನೀರು ಕುಡಿದು, "ಯಾವ ಪುಸ್ತಕ ಓದಲಿ?" ಅಂತಾರೆ. ಎರಡನೆಯವರಿಗೆ ಕಾಫಿ ಕೊಡ್ತೀನಿ. ಮೊದಲನೆಯವರಿಗೂ ಕೊಡ್ತೀನಿ, ಸಕ್ಕರೆ ಕಮ್ಮಿ.

ನಾನು ಓದಿದ್ದು ಹರದನಹಳ್ಳಿ ಸ್ಕೂಲಲ್ಲಿ ನಾಲ್ಕನೇ ಕ್ಲಾಸು. ಇಂಗ್ಲಿಷ್ ಪುಸ್ತಕ ನನ್ನ ಕೈಯಲ್ಲಿ ಓದಕ್ಕಾಗಲ್ಲ. ಅಂಕಿ ಗೊತ್ತು, ಚಿತ್ರ ಗೊತ್ತು. ಹಾಸನದ ಒಂದು ಸಣ್ಣ ಲೆನ್ಸ್ ವರ್ಕ್‌ಶಾಪಿನಲ್ಲಿ ಗಾಜು ಉಜ್ಜುತ್ತಾ, ಪಾಲಿಶ್ ಮಾಡುತ್ತಾ ತಲೆ ಬೆಳ್ಳಗಾಯಿತು. ಪುಸ್ತಕ ಓದಿದವರು ಬರೆದ ಡ್ರಾಯಿಂಗು ಕೊನೆಗೆ ಬಂದು ಕೂರುತ್ತಿದ್ದದ್ದು ನನ್ನ ಕೈಯಲ್ಲೇ. ಅದಕ್ಕೇ ನನ್ನ ಕೇಳ್ತಾರೆ. ಕೇಳಿದವರಿಗೆಲ್ಲ ಮತ್ತೆ ಮತ್ತೆ ಹೇಳಿ ಗಂಟಲು ನೋವು ಬಂತು, ಈಗ ಬರೆದೇ ಇಡ್ತೀನಿ.

ಮೊದಲು ಕೆಲಸ ಹೇಗಿತ್ತು ಅಂತ ತಿಳಿಯಿರಿ. ನಮ್ಮ ಮನೆಯವರು ಆಲೂಗಡ್ಡೆ ಮಂಡಿಯಲ್ಲಿ ತೂಕಕ್ಕಿದ್ದರು. ಅವರ ತೂಕದಲ್ಲಿ ಮನೆ ಏಳುತ್ತಿರಲಿಲ್ಲ, ನಾನೂ ಹೊರಟೆ. ವರ್ಕ್‌ಶಾಪಿನಲ್ಲಿ ಕಾಲೇಜು ಲ್ಯಾಬಿಗೆ ಲೆನ್ಸು, ಕೈಯಲ್ಲಿ ಹಿಡಿಯೋ ಭೂತಗನ್ನಡಿ ಮಾಡುತ್ತಿದ್ದರು. ಅರಗು ಕಾಯಿಸಿ ತಟ್ಟೆಗೆ ಬಳಿದು, ಅದರ ಮೇಲೆ ಕೆಂಪು ಪುಡಿ, ನೀರು ಹಾಕಿ, ಗಾಜು ಇಟ್ಟು ತಿರುಗಿಸುತ್ತಾ ಕೂರಬೇಕು. ಸೀರೆ ಕೆಂಪು, ಉಗುರು ಕೆಂಪು. ಪಕ್ಕದ ಮನೆ ಗೌರಮ್ಮ ಕೇಳುತ್ತಿದ್ದಳು, "ಏನವ್ವ ಪುಟ್ಟತಾಯಿ, ದಿನಾ ಕುಂಕುಮಾರ್ಚನೆಯಾ?" "ಊಂ ಕಣೆ, ದೇವ್ರು ಇನ್ನೂ ಕಣ್ಣು ಬುಟ್ಟಿಲ್ಲ" ಅಂತಿದ್ದೆ.

ಆಗ ಡಿಸೈನ್ ಮಾಡುತ್ತಿದ್ದವರು ವೆಂಕಟರಂಗಯ್ಯ, ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ನಾವೆಲ್ಲ ಅಯ್ನೋರು ಅಂತಿದ್ದೆವು. ಕಂಪ್ಯೂಟರ್ ಇಲ್ಲ, ಬರೀ ಪೆನ್ಸಿಲ್ಲು. ಬೆಳಕಿನ ಒಂದು ಗೆರೆ ಗಾಜಿನೊಳಗೆ ಹೋಗಿ ಎಲ್ಲಿ ಹೊರಗೆ ಬರುತ್ತೆ ಅಂತ ಲೆಕ್ಕ ಹಾಕಕ್ಕೆ ಅವರಿಗೆ ತಿಂಡಿ ಹೊತ್ತಿಂದ ಊಟದ ಹೊತ್ತು ಬೇಕು. ನಡುವೆ ಯಾರಾದರೂ ಕೆಮ್ಮಿದರೆ ಮೊದಲಿಂದ. ಕೋಪ ಬಂದಾಗ ಬೈಯುತ್ತಿರಲಿಲ್ಲ, ಕೆಮ್ಮಿದವರ ಕೈಗೆ ಶುಂಠಿ ಪೆಪ್ಪರ್ಮೆಂಟ್ ಕೊಟ್ಟು ಬಾಗಿಲು ತೋರಿಸುತ್ತಿದ್ದರು.

ಅವರ ಹತ್ತಿರ ಒಂದು ತೆಳ್ಳನೆ ಪುಸ್ತಕ. ಪೇಪರಿನ ರಟ್ಟು ಹಾಕಿ, ತಮ್ಮ ಕುರ್ಚಿಯ ಹಿಂದೆ ಇಡುತ್ತಿದ್ದರು. ಯಾರಿಗೂ ಕೊಡರು. ಮನೆಗೆ ಒಯ್ದಾಗ ಸ್ವಂತ ಹೆಂಡತಿ ಧೂಳು ಒರೆಸಕ್ಕೂ ಮುಟ್ಟುವಂತಿರಲಿಲ್ಲವಂತೆ.

ಅವರ ಒಂದು ಎಡವಟ್ಟು ಹೇಳಬೇಕು, ಪುಸ್ತಕ ಆರಿಸಕ್ಕೆ ಅದು ಬೇಕಾಗುತ್ತೆ. ಒಮ್ಮೆ ಒಂದು ಲೆನ್ಸು ಬರೆದು ಕಳಿಸಿದರು. ಬೆಳಕಿನ ಲೆಕ್ಕವೆಲ್ಲ ಚೊಕ್ಕ. ನಾನು ಉಜ್ಜುತ್ತಾ ಹೋದೆ, ಗಾಜಿನ ಅಂಚು ತೆಳ್ಳಗಾಗುತ್ತಾ ಆಗುತ್ತಾ ಚಾಕುವಿನಂಗಾಗಿ ಹಪ್ಪಳದ ಹಾಗೆ ಉದುರಿತು. ಇನ್ನೊಂದು ಉಜ್ಜಿದೆ, ಅದೂ ಉದುರಿತು. ಅಯ್ನೋರು ಬಂದು ಚೂರು ಕೈಯಲ್ಲಿ ಹಿಡಿದು ನೋಡಿ, ಜೋರಾಗಿ ನಕ್ಕುಬಿಟ್ಟರು. "ನೋಡು ಪುಟ್ಟತಾಯಿ, ಇದಕ್ಕೆ ಹೊಟ್ಟೆ ಕೊಟ್ಟೆ, ಸೊಂಟ ಕೊಡೋದು ಮರೆತೆ." ಎರಡು ಉಬ್ಬು ಮುಖ ಅಂಚಿನಲ್ಲಿ ಸೇರುವಾಗ ನಡುವೆ ಗಾಜು ಉಳಿಯುತ್ತದೋ ಇಲ್ಲವೋ ಅಂತ ನೋಡಿರಲಿಲ್ಲ. ಅವತ್ತಿಂದ ಯಾವ ಹೊಸ ಪುಸ್ತಕ ಬಂದರೂ ಅವರು ಮೊದಲು ನೋಡುತ್ತಿದ್ದದ್ದು, ಅಂಚಿನ ದಪ್ಪದ ಬಗ್ಗೆ ಬರೆದಿದ್ದಾನಾ ಅಂತ. ಬರೆಯದಿದ್ದರೆ, "ಇವನು ವರ್ಕ್‌ಶಾಪಿನ ಬಾಗಿಲು ಕಂಡಿಲ್ಲ" ಅಂತ ವಾಪಸ್.

ಅಯ್ನೋರು ರಿಟೈರ್ ಆದರು. ಕೆಂಪು ಪುಡಿ ಹೋಗಿ ಬಿಳಿ ಪುಡಿ ಬಂತು, ಆಮೇಲೆ ತಾನೇ ಗಾಜು ಕಡಿಯೋ ಮಿಶನ್ ಬಂತು. ನನಗೆ ಕೊನೆಯ ಪಾಲಿಶ್ ಮತ್ತು ಗಾಜಿಗೆ ಗಾಜು ಅಂಟಿಸೋ ಕೆಲಸ ಉಳೀತು. ಸೊಂಟ ನೋವು ಕಮ್ಮಿಯಾಯಿತು. ಮಿಶನ್ನನ್ನ ಬೈಯೋರ ಜೊತೆ ನಾನು ಸೇರಲ್ಲ. ಆದರೆ ಡಿಸೈನ್ ಮಾಡೋರು ಬರಲಿಲ್ಲ. ಓನರ್ ಶಿವಣ್ಣ ಡಿಸೈನನ್ನ ಹೊರಗಿಂದ ತರಿಸುತ್ತಿದ್ದ. ಅಯ್ನೋರ ಕುರ್ಚಿ ಮೇಲೆ ರಟ್ಟಿನ ಡಬ್ಬ ಪೇರಿಸಿದ. ಕುರ್ಚಿ ಕಾಣುತ್ತಲೇ ಇರಲಿಲ್ಲ.

ನಾನು ಕೆಲಸ ಬಿಡೋ ಹಿಂದಿನ ವರ್ಷ ಚೈತ್ರ ಬಂದಳು. ಅರಕಲಗೂಡಿನವಳು, ಫಿಸಿಕ್ಸಲ್ಲಿ ಬಿಎಸ್ಸಿ. ಬೆಳಿಗ್ಗೆ ಬಸ್ಸಲ್ಲಿ ಬಂದು ಲೆನ್ಸುಗಳನ್ನ ಟಿಶ್ಯೂ ಪೇಪರಲ್ಲಿ ಸುತ್ತಿ ಡಬ್ಬಕ್ಕೆ ಹಾಕೋದು ಅವಳ ಕೆಲಸ. ಕುಳ್ಳಿ, ಮಾತು ಉದ್ದ. ಕೈ ಸುತ್ತುತ್ತಿದ್ದರೆ ಕಣ್ಣು ಆ ಡಬ್ಬದ ಕೆಳಗಿನ ಕುರ್ಚಿ ಮೇಲೆ.

"ಸುತ್ತೋದಕ್ಕೆ ಬಿಎಸ್ಸಿ ಬೇಕಾ ಅಜ್ಜಿ?"

"ಬೇಡ ಕಣಮ್ಮಿ. ಬುಡಿಸೋದಕ್ಕೂ ಬೇಡ. ಓಗಿ ಶಿವಣ್ಣನ್ನ ಕೇಳು, ನನ್ನ ಕೇಳಿದ್ರೆ ಕುರ್ಚಿ ಬತ್ತದಾ?"

ಕೇಳಿದಳು. ಶಿವಣ್ಣ ಮೂಗಲ್ಲಿ ನಕ್ಕ. ಅದೇ ವಾರ ಚನ್ನರಾಯಪಟ್ಟಣದ ಕಡೆಯಿಂದ ರಂಗೇಗೌಡರು ಬಂದರು. ತೆಂಗಿನ ತೋಟದವರು, ಅಲ್ಲಿನ ಬೆಳೆಗಾರರಿಗೆಲ್ಲ ಯಜಮಾನರಂತೆ. ಜೇಬಿಂದ ಒಂದು ಅಗ್ಗದ ಭೂತಗನ್ನಡಿ ತೆಗೆದು ಮೇಜಿಗೆ ಕುಕ್ಕಿದರು.

"ನೋಡಿ ಸ್ವಾಮಿ, ತೆಂಗಿಗೆ ನುಸಿ ಬತ್ತದೆ. ಎಳೆಕಾಯಿ ತೊಟ್ಟಿನ ಕೆಳಗೆ ಕುಂತಿರ್ತವೆ, ಬರಿಗಣ್ಣಿಗೆ ಕಾಣಾಕಿಲ್ಲ. ಇದ್ರಲ್ಲಿ ನೋಡಿದ್ರೆ ಅಂಚಿಗೆಲ್ಲ ಕೆಂಪು ನೀಲಿ ಹಸ್ರು! ನಾನು ನುಸಿ ನೋಡ್ಬೇಕು ಕಣ್ರಿ, ಕಾಮನಬಿಲ್ಲಲ್ಲ. ಎಲ್ಲಾ ತ್ವಾಟಕ್ಕೂ ಒಂದೊಂದು ಬೇಕು. ಮಾಡ್ಕೊಡ್ತೀರಾ?"

ಒಂದೇ ಗಾಜಿನ ಭೂತಗನ್ನಡಿಯಲ್ಲಿ ಬಣ್ಣ ಒಡೆಯುತ್ತೆ. ಅದನ್ನ ತಡೆಯಬೇಕಾದರೆ ಎರಡು ಜಾತಿಯ ಗಾಜು ಸೇರಿಸಿ ಅಂಟಿಸಬೇಕು. ಒಂದು ಗಾಜು ಬಣ್ಣ ಒಡೆದರೆ ಇನ್ನೊಂದು ಕೂಡಿಸುತ್ತೆ. ಅದಕ್ಕೆ ಡಿಸೈನ್ ಬೇಕು.

ಶಿವಣ್ಣ ಚೈತ್ರನ ಕಡೆ ತಿರುಗಿದ. "ಕುರ್ಚಿ ಕೇಳಿದ್ಯಲ್ಲ. ನೀನೇ ಮಾಡು. ಗೌಡ್ರು ಒಪ್ಪಿದ್ರೆ ಕುರ್ಚಿ ನಿಂದು. ಒಪ್ಪದಿದ್ರೆ ಇನ್ನೊಂದು ಸಲ ಕುರ್ಚಿ ಮಾತು ಎತ್ತಬಾರದು, ಟಿಶ್ಯೂ ಪೇಪರೇ."

ಹುಡುಗಿ "ಆಗ್ಲಿ" ಅಂದಳು. ಒಪ್ಪಿದ್ದು ಧೈರ್ಯಕ್ಕೋ ಕೋಪಕ್ಕೋ ಅವಳಿಗೇ ಗೊತ್ತಿರಲಿಲ್ಲ.

ಶಿವಣ್ಣನೇ ಒಂದು ಪುಸ್ತಕ ತಂದುಕೊಟ್ಟ. ನಮ್ಮ ಕೊಬ್ಬರಿ ಡಬ್ಬದಷ್ಟು ದಪ್ಪ, ಒಳಗೆಲ್ಲ ಬಣ್ಣದ ಗೆರೆ, ದೀಪಾವಳಿ ಹಬ್ಬ. ನಾನೂ ಎತ್ತಿ ನೋಡಿ, "ಭಾರವಾಗೈತೆ, ಒಳ್ಳೇದೇ ಇರ್ಬೇಕು" ಅಂದೆ. ಕುಂಬಳಕಾಯಿ ಕೊಳ್ಳೋ ಬುದ್ಧಿ. ಚೈತ್ರ ವಾರಗಟ್ಟಲೆ ಅದರ ಜೊತೆ ಗುದ್ದಾಡಿದಳು.

"ಏನ್ ಹೇಳ್ತದೆ?" ಅಂದೆ.

"'ಇದನ್ನು ಸುಲಭವಾಗಿ ತೋರಿಸಬಹುದು' ಅಂತ ಬರೆದವ್ರೆ ಅಜ್ಜಿ. ತೋರಿಸಿಲ್ಲ."

"ನಮ್ಮ ಅಳಿಯನ ಜಾತಿ. ಎಲ್ಲಾ ಸುಲಭ ಅಂತಾನೆ, ಮಾಡಾಕಿಲ್ಲ."

ಉದಾಹರಣೆಗಳೂ ಹಾಗೇ. ಉಬ್ಬು ಎಷ್ಟು ಅಂತ ಕೊಡ್ತಾರೆ, ಯಾವ ಗಾಜು ಅಂತ ಕೊಡಲ್ಲ. ಗಾಜು ಕೊಟ್ಟ ಕಡೆ ದಪ್ಪ ಕೊಡಲ್ಲ. ನೀರೆಷ್ಟು ಅಂತ ಹೇಳದೆ ಮುದ್ದೆ ಮಾಡಕ್ಕೆ ಕಲಿಸಿದ ಹಾಗೆ. ತಿಳಿದವನಿಗೆ ಆ ಪುಸ್ತಕ ಚೆನ್ನ, ಇಲ್ಲ ಅನ್ನಲ್ಲ. ಕಲಿಯೋರಿಗೆ ಅಲ್ಲ.

"ಇದರ ಮೇಲೆ ಕೂತ್ಕೊಂಡ್ರೆ ನಾನು ಎತ್ತರ ಆಗ್ತೀನಿ, ಅಷ್ಟೇ ಉಪಯೋಗ" ಅಂದಳು ಚೈತ್ರ. ಅಂದವಳೇ ನಾಲಿಗೆ ಕಚ್ಚಿಕೊಂಡು ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಸರಸ್ವತಿ ದಪ್ಪಗಿದ್ದರೂ ಸರಸ್ವತಿಯೇ.

ಒಂದು ಭಾನುವಾರ ಅವಳನ್ನ ಕರಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಅಯ್ನೋರು ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಏನಮ್ಮ ಪುಟ್ಟತಾಯಿ, ಇನ್ನೂ ಇದೀಯಾ?"

"ಇವ್ನಿ ಅಯ್ನೋರೇ, ಹಿರೀರು ನೀವು. ನಿಮಗಿಂತ ಮುಂಚೆ ನಾನು ಹೋದ್ರೆ ಮರ್ಯಾದೆ ಅಲ್ಲ."

ನಕ್ಕು, ನಮ್ಮ ಮುಂದೆಯೂ ಅವರೆಕಾಯಿ ಸುರಿದರು. ಅವರ ಮನೆಗೆ ಹೋದರೆ ಕೈ ಸುಮ್ಮನಿರಕ್ಕೆ ಬಿಡಲ್ಲ. ಚೈತ್ರ ಕಾಯಿ ಸುಲಿಯುತ್ತಾ, "ಸರ್, ಲೆನ್ಸ್ ಡಿಸೈನಿಗೆ ಯಾವ ಪುಸ್ತಕ ಒಳ್ಳೇದು?" ಅಂತ ಕೇಳಿದಳು.

"ಯಾವ ಔಷಧಿ ಒಳ್ಳೇದು ಅಂತ ಕೇಳ್ತಾರೇನಮ್ಮ? ಎಲ್ಲಿ ನೋಯ್ತಿದೆ ಹೇಳು."

"ಬಣ್ಣ ಒಡೀತಿದೆ ಸರ್. ಎರಡು ಗಾಜಿನ ಉಬ್ಬು ಹಂಚೋ ಲೆಕ್ಕ ಹತ್ತಲ್ಲ."

ಅವರು ಎದ್ದು ಒಳಗೆ ಹೋಗಿ ಆ ತೆಳ್ಳನೆ ಪುಸ್ತಕ ತಂದರು. ಪೇಪರ್ ರಟ್ಟು ಹೊಸದು, ಪುಸ್ತಕ ಅದೇ. ನಡುವಿನ ಒಂದು ಉದಾಹರಣೆ ತೆಗೆದು, ಉತ್ತರದ ಮೇಲೆ ಅವರೆ ಸಿಪ್ಪೆ ಮುಚ್ಚಿ, "ಮಾಡು" ಅಂದರು. ಚೈತ್ರ ಪೆನ್ಸಿಲ್ ಹಿಡಿದು ಕೂತಳು. ಇತ್ತ ನಾನೂ ಅಯ್ನೋರ ಹೆಂಡತಿಯೂ ಸುಲಿದು, ಕಾಳು ಹಿಸುಕಿ, ಅರ್ಧ ಊರಿನ ಸಮಾಚಾರ ಮುಗಿಸಿದೆವು. ಕಡೆಗೆ ಅವಳು ಸಿಪ್ಪೆ ಸರಿಸಿ ನೋಡಿದಳು. ಅದೇ ಉತ್ತರ! ಹುಡುಗಿ ಮುಖ ನೋಡಬೇಕಿತ್ತು, ಹಂಡೆ ಒಲೆ ಹೊತ್ತಿದ ಹಾಗೆ.

"ಪುಸ್ತಕದ ಉತ್ತರ ನಿನ್ನ ಕೈಯಲ್ಲೂ ಬಂತಾ? ಅದಮ್ಮ ಕಲಿಯೋ ಪುಸ್ತಕ. ಮಿಕ್ಕಿದ್ದು ಶೋಕಿ."

ಚೈತ್ರ ಹೇಳಿದಳು, "ಸರ್, ಆದ್ರೆ ಇದರಲ್ಲಿರೋ ಎರಡನೇ ಗಾಜು ಈಗ ನಮಗೆ ಬರಲ್ಲ. ಸೀಸ ಇದೆ ಅಂತ ಕೊಡೋರು ನಿಲ್ಲಿಸಿದ್ದಾರೆ. ಅದರ ಬದಲು ಬಂದಿರೋ ಗಾಜಿಗೆ ಈ ಅಂಕಿ ಹೊಂದಲ್ಲ. ಕಂಪ್ಯೂಟರಲ್ಲಿ ತಿದ್ದೋ ವಿಚಾರವೂ ಇದರಲ್ಲಿಲ್ಲ."

ನಾನು ಅಯ್ನೋರ ಮುಖ ನೋಡಿದೆ, ಈಗ ಶುಂಠಿ ಪೆಪ್ಪರ್ಮೆಂಟ್ ಬರುತ್ತೆ ಅಂತ. ಅವರು ಖುಷಿಯಾದರು. "ಹೌದಾ! ಹಾಗಾದ್ರೆ ನನ್ನ ಪುಸ್ತಕಕ್ಕೂ ವಯಸ್ಸಾಯ್ತು. ಇದರಲ್ಲಿ ದಾರಿ ಕಲಿತುಕೋ, ಹೊಸದೊಂದರಲ್ಲಿ ಗಾಜು ನೋಡು. ಆದರೆ ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಡಬೇಡ. ಜಗಳ ಆಡ್ತಾವೆ."

ಅಂದು, ಪುಸ್ತಕ ಅವಳ ಕೈಗೇ ಕೊಟ್ಟರು. ಅವರ ಹೆಂಡತಿ ಬಾಗಿಲಲ್ಲೇ ನಿಂತು, "ಓಹೋ! ನಾನು ಮುಟ್ಟಿದ್ರೆ ಮೈಲಿಗೆ, ನೆನ್ನೆ ಮೊನ್ನೆ ಬಂದವಳಿಗೆ ಬಸ್ಸಲ್ಲಿ ತಗೊಂಡು ಹೋಗೋ ಅಷ್ಟು ಮಡಿಯಾ?" ಅಂದರು. ಅಯ್ನೋರು ಅವರೆಕಾಯಿ ಕಡೆ ಬಗ್ಗಿದರು.

ಹೊಸ ಪುಸ್ತಕ ಚೈತ್ರನೇ ಆರಿಸಿದಳು. ಅವಳು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಕೂತು, ಮುನ್ನುಡಿ ಬಿಟ್ಟು, ಕೊನೆಯ ಪದಪಟ್ಟಿ ಮೊದಲು ನೋಡಿದಳಂತೆ. ಅಂಚಿನ ದಪ್ಪ ಇದೆಯಾ? ಮಾಡೋರ ಕೈ ಎಷ್ಟರ ತನಕ ತಪ್ಪಿದರೂ ಲೆನ್ಸು ತಡೆಯುತ್ತೆ ಅಂತ ಬರೆದಿದ್ದಾರಾ? ಲೆನ್ಸು ಕೆಟ್ಟರೆ ಚಿತ್ರ ಹೇಗೆ ಕೆಡುತ್ತೆ ಅಂತ ತೋರಿಸಿದ್ದಾರಾ? ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಎಲ್ಲವೂ ಇತ್ತು. ಒಂದು ಉದಾಹರಣೆ ಮಾಡಿ, ಉತ್ತರ ಬಂದ ಮೇಲೇ ಎದ್ದಳು. ಹಾಗೆ ಆರಿಸೋದನ್ನ ನಾನು ಹೇಳಿಕೊಟ್ಟಿದ್ದಲ್ಲ. ಅವಳಿಂದ ನಾನು ಕಲಿತೆ, ಈಗ ಎಲ್ಲರಿಗೂ ಹೇಳ್ತೀನಿ.

ನೀಲಿ ಪುಸ್ತಕ ಹಿಡಿದು, ಕಂಪ್ಯೂಟರಲ್ಲಿ ತಿದ್ದಿ, ಡಿಸೈನ್ ಮುಗಿಸಿದಳು. ಡ್ರಾಯಿಂಗು ಮಿಶನ್ನಿಗೆ ಹೋಯಿತು. ಮೊದಲು ಎರಡನೇ ಗಾಜು ಬಂತು, ನಾನು ಪಾಲಿಶ್ ಮಾಡಿಟ್ಟೆ. ಮೊದಲನೆಯದಕ್ಕೆ ಗಾಜು ಸಿಕ್ಕೋದು ತಡವಾಗಿ ಎಷ್ಟೋ ದಿನದ ಮೇಲೆ ಅದು ಬಂತು, ಅದನ್ನೂ ಮಾಡಿದೆ. ಅಂಟಿಸೋ ದಿನ ಶಿವಣ್ಣನೂ ಬಂದು ನಿಂತ. ಎರಡನ್ನೂ ಒಂದರ ಮೇಲೊಂದು ಇಟ್ಟೆ.

ಒಂದರ ಉಬ್ಬು ಇನ್ನೊಂದರ ತಗ್ಗಿನೊಳಗೆ ಕೂರಬೇಕು ತಾನೇ? ಇಲ್ಲಿ ತಗ್ಗಿಗೆ ತಗ್ಗು! ಒಡೆದ ತೆಂಗಿನಕಾಯಿಯ ಎರಡು ಹೋಳು ಮತ್ತೆ ಜೋಡಿಸಿದ ಹಾಗೆ, ಬಾಯಿಗೆ ಬಾಯಿ, ನಡುವೆ ಬರೀ ಗಾಳಿ.

"ಏನಿದು?" ಅಂದ ಶಿವಣ್ಣ.

"ಹೆಣ್ಣು ನೋಡದೆ ಲಗ್ನ ಮಾಡಿದ್ರೆ ಇಂಗೇ" ಅಂದೆ. ಯಾರೂ ನಗಲಿಲ್ಲ. ಆಮೇಲೆ ನಾನು ಮಿಶನ್ನನ್ನ ಬೈದೆ, ಅದು ತಲೆಕೆಳಗು ಕಡಿದಿದೆ ಅಂತ. ಮಿಶನ್ನಿನ ತಪ್ಪಿರಲಿಲ್ಲ. ಡ್ರಾಯಿಂಗಲ್ಲಿ ಬರೆದಿದ್ದನ್ನೇ ಕಡಿದಿತ್ತು.

"ಭಾನುವಾರ ಕಳೆದು ಸೋಮವಾರ ಗೌಡ್ರು ಬರ್ತಾರೆ" ಅಂದು ಶಿವಣ್ಣ ಹೊರಟ. ಹೋಗುವಾಗ ಕುರ್ಚಿ ಮೇಲೆ ಇನ್ನೊಂದು ಡಬ್ಬ ಇಟ್ಟು ಹೋದ.

ಚೈತ್ರ ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ನನಗೆ ಅದು ಬರಲ್ಲ. "ಅತ್ತು ಮುಗಿಸಿ ಎರಡೂ ಪುಸ್ತಕ ತಗೀ" ಅಂದೆ. ಅವಳು ಎರಡೂ ಬಿಚ್ಚಿ ಮೊದಲ ಪುಟಗಳನ್ನ ಪಕ್ಕಪಕ್ಕ ಇಟ್ಟಳು. ನೋಡುತ್ತಾ ನೋಡುತ್ತಾ ಹಣೆ ಚಚ್ಚಿಕೊಂಡಳು.

"ಅಜ್ಜಿ, ಜಗಳ ಸಿಕ್ತು!"

ಅಯ್ನೋರ ಪುಸ್ತಕದಲ್ಲಿ ಉಬ್ಬು ಅಂದರೆ ಪ್ಲಸ್ಸು, ತಗ್ಗು ಅಂದರೆ ಮೈನಸ್ಸು. ಯಾವ ಕಡೆಯ ಮುಖವಾದರೂ ಅಷ್ಟೇ. ನೀಲಿ ಪುಸ್ತಕದಲ್ಲಿ ಬೆಳಕು ಬರೋ ದಿಕ್ಕು ಹಿಡಿದು ಲೆಕ್ಕ. ಒಂದೇ ಗಾಜಿನ ಮುಂದಿನ ಉಬ್ಬು ಪ್ಲಸ್ಸಾದರೆ ಹಿಂದಿನ ಉಬ್ಬು ಮೈನಸ್ಸು. ಎರಡೂ ಸರಿ. ಇವಳು ಲೆಕ್ಕ ಹಾಕಿದ್ದು ನೀಲಿ ಪುಸ್ತಕದಲ್ಲಿ, ಡ್ರಾಯಿಂಗ್ ಬರೆದಿದ್ದು ಅಯ್ನೋರ ಪುಸ್ತಕದ ಅಭ್ಯಾಸದಲ್ಲಿ. ಮೈನಸ್ಸು ಕಂಡ ತಕ್ಷಣ ತಗ್ಗು ಅಂತ ಬರೆದುಬಿಟ್ಟಿದ್ದಳು. ಹಿಂದೆ ಉಬ್ಬಬೇಕಾದ ಗಾಜು ಒಳಕ್ಕೆ ಹೋಯಿತು.

ಲೆನ್ಸಿನವರು ಬಿಟ್ಟರೆ ಬೇರೆ ಯಾರೂ ಈ ತಪ್ಪು ಮಾಡಲ್ಲ. ಲೆನ್ಸಿನವರೆಲ್ಲ ಒಂದು ಸಲವಾದರೂ ಮಾಡ್ತಾರೆ. ಅದಕ್ಕೇ ಹೇಳೋದು, ಪುಸ್ತಕ ತೆಗೆದ ಕೂಡಲೇ ಪ್ಲಸ್ಸು ಯಾವುದು ಮೈನಸ್ಸು ಯಾವುದು ಅಂತ ಚಿತ್ರ ಬರೆದು ಹೇಳಿದ್ದಾರಾ ನೋಡಿ. ಹೇಳಿಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಮೊದಲ ಸಲ ಒಂದೇ ಪುಸ್ತಕ ಹಿಡಿದು ಕೊನೆ ಮುಟ್ಟಿ, ಆಮೇಲೆ ಇನ್ನೊಂದರ ಸಹವಾಸ.

ಎರಡನೇ ಗಾಜಿನ ಮುಂದಿನ ಮುಖ ನಿಜಕ್ಕೂ ತಗ್ಗು, ಹಿಂದಿನದು ಚಪ್ಪಟೆ, ಹಾಗಾಗಿ ಅದು ಸರಿಯಾಗೇ ಇತ್ತು. ಡ್ರಾಯಿಂಗು ತಿದ್ದಿ, ಮೊದಲನೆಯದನ್ನ ಉಳಿದಿದ್ದ ಇನ್ನೊಂದು ಗಾಜಲ್ಲಿ ಅವತ್ತೇ ಮತ್ತೆ ಕಡಿಸಿ, ಭಾನುವಾರ ನಾನು ಪಾಲಿಶ್ ಮಾಡಿದೆ. ಇಟ್ಟರೆ ಕೂತಿತು, ಮುದ್ದೆ ತಟ್ಟೆಗೆ ಕೂತ ಹಾಗೆ. ಅಂಟಿಸಿ, ಹಿಡಿಕೆಯೊಳಗೆ ಸೇರಿಸಿದೆ. ಚೈತ್ರ ಪೇಪರಿನ ಅಕ್ಷರ ನೋಡಿದಳು, ನನ್ನ ಸೀರೆ ನೂಲು ನೋಡಿದಳು. "ಬಣ್ಣ ಇಲ್ಲ ಅಜ್ಜಿ" ಅಂದಳು. "ನೀನು ಹೇಳಿದ್ರೆ ಆಗ್ಲಿಲ್ಲ, ಗೌಡ್ರು ಹೇಳ್ಬೇಕು" ಅಂದೆ.

ಸೋಮವಾರ ರಂಗೇಗೌಡರು ಟವಲಲ್ಲಿ ಎರಡು ಎಳೆಕಾಯಿ ಸುತ್ತಿಕೊಂಡು ಬಂದರು. "ಇದು ನಮ್ಮ ಪಕ್ಕದ ತ್ವಾಟದವನ್ದು. ಪೂರಾ ನುಸಿ, ಸೋಂಬೇರಿ ನನ್ಮಗ. ಇದು ನಮ್ದು, ಮನೆ ಮುಂದಿನ ಮರದ್ದು. ಸೊಸೆ ಸಾಕ್ದಂಗೆ ಸಾಕಿವ್ನಿ, ಒಂದು ಹುಳ ಇಲ್ಲ. ಎರಡ್ನೂ ನೋಡಿದ್ರೆ ನಿಮ್ ಲೆನ್ಸಿನ ಹಣೆಬರಹ ಗೊತ್ತಾಯ್ತದೆ."

ತೊಟ್ಟು ಕಿತ್ತು, ಬಿಸಿಲಿಗೆ ಹಿಡಿದು, ಮೊದಲು ಪಕ್ಕದವನ ಕಾಯಿ ನೋಡಿದರು. "ಹಾ! ಅಗೋ ಕುಂತವ್ರೆ! ಕಾಲು ಸೈತ ಕಾಣ್ತದೆ ಕಣ್ರಿ. ಬಣ್ಣಗಿಣ್ಣ ಏನಿಲ್ಲ." ಚೈತ್ರ ಉಸಿರು ಬಿಟ್ಟಳು. ಆಮೇಲೆ ತಮ್ಮ ಕಾಯಿ ತೊಟ್ಟು ಕಿತ್ತು ನೋಡಿದರು. ನೋಡಿದರು, ಕಣ್ಣು ಉಜ್ಜಿದರು, ಮತ್ತೆ ನೋಡಿದರು.

"ಲೆನ್ಸು ಸರಿ ಇಲ್ಲ."

ಶಿವಣ್ಣನ ಮುಖ ಇಳಿಯಿತು. ಚೈತ್ರ ಬಿಟ್ಟ ಉಸಿರು ವಾಪಸ್ ಎಳೆದುಕೊಂಡಳು.

"ಏನು ಸರಿ ಇಲ್ಲ ಗೌಡ್ರೇ?" ಅಂದೆ.

"ನಮ್ ಕಾಯಲ್ಲೂ ನುಸಿ ತೋರಿಸ್ತದೆ! ಸುಳ್ಳು ಹೇಳ್ತದೆ ಇದು."

"ಪಕ್ಕದವನ ಕಾಯಲ್ಲಿ ನಿಜ ಹೇಳ್ತಲ್ಲ?"

ಗೌಡರು ನನ್ನ ದುರುಗುಟ್ಟಿ ನೋಡಿದರು. ಮತ್ತೆ ಬಿಸಿಲಿಗೆ ಹೋಗಿ ತಮ್ಮ ಕಾಯಿಯನ್ನ ಸುತ್ತಾ ತಿರುಗಿಸಿ ನೋಡಿದರು. "ಥೂ ನಿಮ್ ವಂಶ! ಸೊಸೆ ಸಾಕ್ದಂಗೆ ಸಾಕಿದ್ನಲ್ಲೋ..." ಬೈದದ್ದು ನುಸಿಗೆ. ಬೈಯುತ್ತಾ ಬೈಯುತ್ತಾ ಲೆನ್ಸನ್ನ ತಮ್ಮ ಅಂಗಿ ಜೇಬಿಗೆ ಹಾಕಿಕೊಂಡರು.

"ಗೌಡ್ರೇ, ಅದು ಸ್ಯಾಂಪಲ್ಲು" ಅಂದ ಶಿವಣ್ಣ.

"ಇರ್ಲಿ ಕಣ್ರಿ. ಮಿಕ್ಕ ಮರ ನೋಡ್ಬೇಕು ನಾನು. ಉಳಿದವ್ರಿಗೆ ಬೇರೆ ಮಾಡ್ಸಿ, ಬೇಗ." ಎರಡು ಕಾಯಿನೂ ಅಲ್ಲೇ ಬಿಟ್ಟು ಗಾಡಿ ಹತ್ತಿದರು. ಪಕ್ಕದ ತೋಟದವನಿಗೆ ಹೇಳಬೇಡಿ ಅಂತ ಕಿಟಕಿಯಿಂದ ಕೂಗಿದರು.

ಶಿವಣ್ಣನ ಬಾಯಲ್ಲಿ ಭೇಷ್ ಅನ್ನೋ ಮಾತು ನಾನು ಕೇಳಿಲ್ಲ, ಅವತ್ತೂ ಕೇಳಲಿಲ್ಲ. ಹೋಗಿ, ಕುರ್ಚಿ ಮೇಲಿನ ಡಬ್ಬಗಳನ್ನ ಒಂದೊಂದಾಗಿ ತಾನೇ ಇಳಿಸಿ, ತನ್ನ ಟವಲಲ್ಲೇ ಧೂಳು ಹೊಡೆದ.

ಚೈತ್ರ ಕೂತಳು. ಮೇಜು ಅವಳ ಗದ್ದಕ್ಕೆ ಬಂತು. ಅಯ್ನೋರು ಉದ್ದದವರು, ಕುರ್ಚಿ ತಗ್ಗು. ಮೂರು ಜನರ ಕಣ್ಣೂ ಒಟ್ಟಿಗೇ ಆ ದಪ್ಪ ಪುಸ್ತಕದ ಮೇಲೆ ಹೋಯಿತು.

"ಬ್ಯಾಡ ಬ್ಯಾಡ" ಅಂದ ಶಿವಣ್ಣ, "ಸರಸ್ವತಿ."

ನಾನು ಹೋಗಿ ನನ್ನ ಸ್ಟೂಲಿನ ದಿಂಬು ತಂದುಕೊಟ್ಟೆ. ಕೆಂಪು ಪುಡಿಯ ಕಾಲದ್ದು, ಒಗೆದರೂ ಕೆಂಪು ಹೋಗಿಲ್ಲ. "ತಗೋ. ಹಳೇದು, ಆದ್ರೆ ತಿಗಣೆ ಇಲ್ಲ. ಬೇಕಾದ್ರೆ ಲೆನ್ಸ್ ಹಾಕ್ಕೊಂಡು ನೋಡು."

ಹುಡುಗಿ ನಿಜವಾಗಲೂ ಲೆನ್ಸ್ ಹುಡುಕಿದಳು. ಅದು ಗೌಡರ ಜೇಬಲ್ಲಿ ಚನ್ನರಾಯಪಟ್ಟಣದ ದಾರಿ ಹಿಡಿದಿತ್ತು.